ಮರಕ್ಕೆ ಕೇಳಿದ ಎಣ್ಣೆ

ನಮ್ಮ ಕಸುಬಿನಲ್ಲಿ ಎಣ್ಣೆ ಅಂದರೆ ಅಗಸೆ ಎಣ್ಣೆ. ಊರಿನ ಮಾತಿನಲ್ಲಿ ಎಣ್ಣೆ ಅಂದರೆ ಏನೆಂದು ನನಗೂ ಗೊತ್ತು. ಒಂದು ಕಾಲಕ್ಕೆ ಬೇರೆಯವರಿಗಿಂತ ಚೆನ್ನಾಗಿಯೇ ಗೊತ್ತಿತ್ತು. ಅಂಥವನೇ ಮಾಂಬಳ್ಳಿಯ ಒಂದು ಮನೆಯ ಜಗಲಿಯಲ್ಲಿ ನಿಂತು ಆ ಮಾತನ್ನು ಅಷ್ಟು ಸಲೀಸಾಗಿ ಆಡಿಬಿಟ್ಟೆನಲ್ಲ ಎಂದು ಈಗಲೂ ಕೈ ಕೈ ಹಿಸುಕಿಕೊಳ್ಳುತ್ತೇನೆ.

ನಾನು ಕಾಮಗೆರೆಯವನು. ಮೊದಲು ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದೆ, ಫ್ಲೆಕ್ಸ್ ಬಂದ ಮೇಲೆ ಅಕ್ಷರ ಬಿಟ್ಟು ಬಾಗಿಲು ಹಿಡಿದೆ. ಗೋಡೆಗೆ ಬಣ್ಣ ಹೊಡೆಯುವವರು ಬೀದಿಗೊಬ್ಬರು ಸಿಗುತ್ತಾರೆ. ಮನೆಯ ಹೊರಗಿನ ಮರದ ಕೆಲಸ ಅಂದರೆ ಮಾತ್ರ ಅವರೆಲ್ಲ ಜಾರಿಕೊಳ್ಳುತ್ತಾರೆ. ತಲೆಬಾಗಿಲು, ಕಿಟಕಿ, ಜಗಲಿಯ ಕಂಬ, ಸೂರಿನ ಹಲಗೆ ಇವೆಲ್ಲ ಬಿಸಿಲು ಮಳೆ ತಿಂದ ಮರ. ಬಣ್ಣ ಹೊಡೆಯುವುದಕ್ಕಿಂತ ಕೆರೆಯುವುದೇ ಹೆಚ್ಚು. ನನಗೆ ಆ ಕೆರೆಯುವ ಕೆಲಸ ಇಷ್ಟ.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ನಾನು ಕುಡಿಯುವುದನ್ನು ಬಿಟ್ಟು ಕೆಲವು ವರ್ಷಗಳಾಗಿದ್ದವು. ಬಿಡಿಸಿದವಳು ನನ್ನ ಹೆಂಡತಿ. ಸಂಜೆ ನಾನು ಬಂದು ಬಾಗಿಲಲ್ಲಿ ನಿಂತರೆ ಅವಳು ಹತ್ತಿರ ಬಂದು ಮೂಸಿ ನೋಡುತ್ತಿದ್ದಳು. ಮೊದಮೊದಲು ಅದು ತನಿಖೆಯೇ ಆಗಿತ್ತು. ಎಷ್ಟೋ ಸಲ ನನಗೆ ಮೈಯೆಲ್ಲ ಉರಿದದ್ದೂ ಉಂಟು. ಬರಬರುತ್ತಾ ಅದು ನಮ್ಮಿಬ್ಬರ ಆಟವಾಯಿತು. "ಬರೀ ಟರ್ಪಂಟೈನು. ಬಾ ಒಳಕ್ಕ" ಅನ್ನುತ್ತಿದ್ದಳು. ಆ ಮಾತು ಕೇಳುವುದಕ್ಕೆಂದೇ ನಾನು ಕೆಲಸವಿಲ್ಲದ ದಿನವೂ ಬಾಗಿಲಲ್ಲಿ ಒಂದು ಗಳಿಗೆ ನಿಲ್ಲುತ್ತಿದ್ದೆ. ನಾನು ತರುವ ಬಣ್ಣದ ಖಾಲಿ ಡಬ್ಬಗಳಿಗೆ ಅವಳು ತಳದಲ್ಲಿ ಮೊಳೆ ಹೊಡೆದು ತೂತು ಮಾಡಿ, ಮಣ್ಣು ತುಂಬಿ, ಕನಕಾಂಬರ ಹಾಕುತ್ತಿದ್ದಳು. ನಮ್ಮ ಮನೆಯ ಮುಂದೆ ಅವು ಸಾಲಾಗಿ ನಿಂತಿವೆ.

ಮಾಂಬಳ್ಳಿಯ ಮನೆ ಕಬ್ಬು ಬೆಳೆಯುವವರದು. ಯಜಮಾನರು ಬೆಳಿಗ್ಗೆ ಗದ್ದೆಗೆ ಹೋದರೆ ಕತ್ತಲಾದ ಮೇಲೆ ಬರುವವರು. ಮನೆ, ಆಳುಕಾಳು, ನಮ್ಮಂಥ ಕೆಲಸಗಾರರು ಎಲ್ಲ ಅವರ ಹೆಂಡತಿಯ ಪಾಲಿಗೆ. ನಾವೆಲ್ಲ ಅವರನ್ನು ಅಮ್ಮ ಎಂದೇ ಕರೆಯುತ್ತಿದ್ದೆವು. ಮಗಳ ನಿಶ್ಚಿತಾರ್ಥ ಮನೆಯಲ್ಲೇ ನಡೆಯುವುದಿತ್ತು. ನನಗಿಂತ ಮೊದಲು ಬೇರೊಬ್ಬ ಪೇಂಟರನ್ನು ಕರೆಸಿ ಕೇಳಿದ್ದರಂತೆ.

"ಅವ್ನು ಇದ್ರ ಮ್ಯಾಲೇ ಎರಡು ಕೈ ಒಡ್ದುಬುಡ್ತೀನಿ ಅಂದ. ನೀನೇನಂದಯಪ್ಪ?" ಎಂದು ಅಮ್ಮ ಒಂದು ಕಿಟಕಿ ತೋರಿಸಿದರು.

ನಾನು ಉಗುರಿನಿಂದ ಚೌಕಟ್ಟನ್ನು ಕೆರೆದೆ. ಹಸಿರು ಬಣ್ಣದ ಸಿಪ್ಪೆ ಅಂಗೈಯಗಲ ಎದ್ದು ಬಂತು. ಅದರ ಕೆಳಗೆ ನೀಲಿ, ಅದರ ಕೆಳಗೆ ಕೆಂಪು. "ಇದ್ರ ಮ್ಯಾಲೇ ಒಡುದ್ರೆ ನಿಶ್ಚಿತಾರ್ಥಕ್ಕೆ ಚೆಂದಾಗಿರ್ತದ ಅಮ್ಮಾರೇ. ಲಗ್ನದೊತ್ಗೆ ಉದ್ರೋಯ್ತದ" ಅಂದೆ. ಅವರು ನಕ್ಕರು. ನನ್ನನ್ನೇ ಗೊತ್ತು ಮಾಡಿದರು. ಸಾಮಾನು ಅವರದು, ಕೂಲಿ ನನ್ನದು ಎಂದು ಮಾತಾಯಿತು. ಏನು ಬೇಕೆಂದು ನಾನು ಹೇಳಬೇಕು, ಅವರು ತರಿಸಿ ಕೊಡಬೇಕು. ನಮ್ಮ ಕಡೆ ಹಳ್ಳಿಯ ಕೆಲಸವೆಲ್ಲ ಹೀಗೆಯೇ ನಡೆಯುತ್ತದೆ.

ಕೆರೆಯುವುದಕ್ಕೇ ಬಹಳ ದಿನ ಹಿಡಿಯಿತು. ಅಗಲವಾದ ಕಬ್ಬಿಣದ ಪಟ್ಟಿಯಿಂದ ದಪ್ಪ ಪದರ ಎಬ್ಬಿಸಿ, ಕೆತ್ತನೆಯ ಸಂದಿಗಳನ್ನು ಹಳೆಯ ಸ್ಕ್ರೂಡ್ರೈವರ್ ಮಸೆದುಕೊಂಡು ಬಿಡಿಸಿ, ಆಮೇಲೆ ಸ್ಯಾಂಡ್ ಪೇಪರ್ ಹಿಡಿದು ನಾರಿನ ಗುಂಟ ಉಜ್ಜಬೇಕು. ಅಡ್ಡ ಉಜ್ಜಿದರೆ ಗೀರು ಬಿದ್ದು, ಬಣ್ಣ ಹೊಡೆದ ಮೇಲೆ ಎದ್ದು ಕಾಣುತ್ತದೆ. ಪದರವೆಲ್ಲ ಹೋದ ಮೇಲೆ ಕಂಡ ಮರ ಬೂದಿ ಬಣ್ಣಕ್ಕೆ ತಿರುಗಿತ್ತು. ಕಂಬಗಳ ಬುಡದಲ್ಲಿ ಬೆರಳಿಟ್ಟರೆ ಒರಟು ಪುಡಿ ಅಂಟುತ್ತಿತ್ತು. ಅಷ್ಟು ಒಣಗಿದ ಮರಕ್ಕೆ ನೇರವಾಗಿ ಪ್ರೈಮರ್ ಹಚ್ಚಿದರೆ ಪ್ರೈಮರಿನ ಜಿಡ್ಡನ್ನೆಲ್ಲ ಮರ ಹೀರಿಕೊಂಡು ಮೇಲೆ ಬರೀ ಸುಣ್ಣದಂಥ ಪುಡಿ ಉಳಿಯುತ್ತದೆ. ಅದಕ್ಕೇ ಮೊದಲು ಅಗಸೆ ಎಣ್ಣೆಗೆ ಟರ್ಪಂಟೈನ್ ಬೆರೆಸಿ ಮರಕ್ಕೆ ಕುಡಿಸಬೇಕು. ಕುಡಿದಷ್ಟೂ ಕುಡಿಸಿ, ಚೆನ್ನಾಗಿ ಒಣಗಲು ಬಿಟ್ಟು, ಆಮೇಲೆ ಪ್ರೈಮರ್.

ಆ ದಿನ ನಾನು ಏಣಿಯ ಮೇಲಿದ್ದೆ. ಅಮ್ಮ ಕಿಟಕಿಯ ಒಳಗಡೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಅಲ್ಲಿಂದಲೇ ಕೂಗಿ ಹೇಳಿದೆ.

"ಅಮ್ಮಾರೇ, ನಾಳಿಂದ ಎಣ್ಣೆ ಬೇಕಾಯ್ತದ. ಎಣ್ಣೆ ಇಲ್ದೆ ಕೆಲ್ಸ ಮುಂದುಕ್ಕೋಗದಿಲ್ಲ."

ಅವರೆಕಾಯಿ ಬಿಡಿಸುವ ಸದ್ದು ನಿಂತಿತು. "ಎಷ್ಟು ಬೇಕಾಯ್ತದಪ್ಪ?" ಎಂದು ಕೇಳಿದರು.

"ದಿನಕ್ಕೊಂದು ಕಾಲು ಲೀಟ್ರಾದ್ರೆ ಸಾಕು. ಸಂಜೊತ್ನಲ್ಲಿ ಕೊಟ್ರೆ ರಾತ್ರಿಯೆಲ್ಲ ಕುಡ್ಕಂಡು ಬೆಳಗಾಗದ್ರೊಳಗೆ ಸರಿಯಾಯ್ತದ. ಒಳ್ಳೇದೇ ತರ್ಸಿ, ಕಲಬೆರಕೆ ಬ್ಯಾಡ."

ಕುಡಿಯುವುದು ಮರ ಎಂದು ನಾನು ಹೇಳಲೇ ಇಲ್ಲ. ಕೈಯಲ್ಲಿ ಮರ ಹಿಡಿದುಕೊಂಡವನು ಮರ ಎಂದು ಯಾಕೆ ಹೇಳುತ್ತಾನೆ?

"ಆಗ್ಲಿ. ಯಜಮಾನ್ರ ಕಿವಿಗೆ ಬೀಳದು ಬ್ಯಾಡ ಕಣಪ್ಪ" ಅಂದರು ಅಮ್ಮ. ಮರಕ್ಕೆ ಹಾಕುವ ಎಣ್ಣೆಯಲ್ಲಿ ಯಜಮಾನರಿಗೆ ಮುಚ್ಚಿಡುವಂಥದ್ದೇನಿದೆ ಎಂದು ಯೋಚಿಸಿದೆ. ಖರ್ಚಿನ ಮಾತು ಬಂದರೆ ಗೊಣಗುವವರಿರಬೇಕು ಎಂದುಕೊಂಡು ಸುಮ್ಮನಾದೆ.

ಮರುದಿನ ಸಂಜೆ ಅವರ ಟ್ರ್ಯಾಕ್ಟರ್ ಡ್ರೈವರ್ ಯಳಂದೂರಿನಿಂದ ಬಂದವನು ಅಮ್ಮನ ಕೈಗೆ ಒಂದು ಬಟ್ಟೆ ಚೀಲ ಕೊಟ್ಟ. ಅವರು ಅದನ್ನು ಮನೆಯೊಳಕ್ಕೆ ಒಯ್ಯಲಿಲ್ಲ. ಜಗಲಿಯ ಗೋಡೆಯ ಗೂಡಿನಲ್ಲಿ ಇಟ್ಟು, ನೇರವಾಗಿ ನಲ್ಲಿಗೆ ಹೋಗಿ ಕೈ ತೊಳೆದುಕೊಂಡರು. "ಗೂಡಲ್ಲಿ ಇಟ್ಟಿವ್ನಿ, ಮನೆಗೋಗಾಗ ತಕ್ಕೊ" ಅಂದು ಒಳಗೆ ಹೋದರು. ಡ್ರೈವರ್ ನನ್ನ ಮುಖ ನೋಡಿ ಮೀಸೆಯಡಿ ನಗುತ್ತಿದ್ದ.

ಚೀಲದಲ್ಲಿ ಪೇಪರಿನಲ್ಲಿ ಸುತ್ತಿದ ಒಂದು ಕ್ವಾರ್ಟರ್ ಬಾಟ್ಲಿ ಇತ್ತು. ಜೊತೆಗೆ ಒಂದು ಪೊಟ್ಟಣ ಖಾರದ ಕಡ್ಲೆಬೀಜ.

ಮೊದಲು ನಗು ಬಂತು. ಆಮೇಲೆ ನೋವಾಯಿತು. ನನ್ನ ಹಳೆಯ ಕಥೆ ಇಲ್ಲಿಯವರೆಗೂ ಬಂದಿದೆಯೇ, ಇಲ್ಲ ಪೇಂಟರ್ ಅಂದ ಮೇಲೆ ಎಲ್ಲರೂ ಹೀಗೆಯೇ ಎಂದು ಎಣಿಸಿದರೇ ಎಂದು ಗೊತ್ತಾಗಲಿಲ್ಲ. ಸುಳ್ಳೇಕೆ ಹೇಳಲಿ, ಬಾಟ್ಲಿ ಕೈಗೆ ಬಂದ ಕೂಡಲೇ ಹೆಬ್ಬೆರಳು ತಾನಾಗಿಯೇ ಮುಚ್ಚಳದ ಮೇಲೆ ಹೋಯಿತು. ಹಳೆಯ ಅಭ್ಯಾಸ ಕೈಯಲ್ಲಿ ಹಾಗೇ ಉಳಿದಿತ್ತು. ಬಾಟ್ಲಿಯನ್ನು ಮತ್ತೆ ಸುತ್ತಿಟ್ಟೆ.

ಆಗಲೇ ಒಳಗೆ ಹೋಗಿ ಹೇಳಬೇಕಿತ್ತು. ಹೇಳದೆ ಹೋದದ್ದಕ್ಕೆ ಕಾರಣ ಆ ಕೈ ತೊಳೆದದ್ದು. ಲಿಂಗ ಕಟ್ಟಿದ ಮನೆತನ, ಆ ಹೊಸಲನ್ನು ಅಂಥ ಪದಾರ್ಥ ಎಂದೂ ದಾಟಿಲ್ಲ. ಗಂಡನಿಗೆ ತಿಳಿಯದಂತೆ, ಆಳಿನ ಮುಂದೆ ಬಾಯಿಬಿಟ್ಟು ಕೇಳಿ, ನನಗಾಗಿ ತರಿಸಿದ್ದಾರೆ. ನಾನು ಕೇಳಿದ್ದು ಮರಕ್ಕೆ ಎಂದು ತಿಳಿದರೆ ಅವರು ನನ್ನೆದುರು ತಲೆ ಎತ್ತುವುದು ಹೇಗೆ? ಡ್ರೈವರನಿಗಂತೂ ಪಕ್ಕದೂರು ಅಗರದಿಂದ ಮಾಂಬಳ್ಳಿಯವರೆಗೆ ಹೇಳಿಕೊಂಡು ನಗಲು ಒಂದು ಕಥೆ ಸಿಗುತ್ತಿತ್ತು. ಕೆಲಸವೆಲ್ಲ ಮುಗಿಯಲಿ, ಬಾಗಿಲು ಹೊಳೆಯುತ್ತಿರುವಾಗ ಬಾಟ್ಲಿಗಳನ್ನೆಲ್ಲ ವಾಪಸ್ ಇಟ್ಟು, ನಗುತ್ತಾ ಹೇಳಿಬಿಡೋಣ, ಆಗ ಅವರೂ ನಗುತ್ತಾರೆ ಎಂದು ತೀರ್ಮಾನ ಮಾಡಿದೆ. ಒಳ್ಳೆಯ ತೀರ್ಮಾನ ಎಂದೇ ನನಗೆ ಅನ್ನಿಸಿತ್ತು.

ಅಗಸೆ ಎಣ್ಣೆಯನ್ನು ನಾನೇ ಕೊಳ್ಳೇಗಾಲದ ಪೇಂಟ್ ಅಂಗಡಿಯಿಂದ ತಂದೆ. ಕಂಬಗಳಿಗೆ ಹಚ್ಚಿದರೆ ನೋಡನೋಡುತ್ತಲೇ ಒಳಗಿಳಿಯುತ್ತಿತ್ತು. ಬುಡದಲ್ಲಿ ಹಚ್ಚಿದಷ್ಟೂ ಸಾಲದು. ಬೂದಿಯಾಗಿದ್ದ ಮರ ನಿಧಾನವಾಗಿ ಕಂದು ಬಣ್ಣಕ್ಕೆ ತಿರುಗಿ, ಅದರ ನಾರೆಲ್ಲ ಎದ್ದು ಕಂಡಿತು. ಅಮ್ಮ ಹೊರಗೆ ಬಂದು ನೋಡಿ, "ಎಷ್ಟು ಚೆಂದಾಗದ ಕಣಪ್ಪ, ಇಂಗೇ ಬುಟ್ಬುಡನ ಅನ್ನಿಸ್ತದ" ಅಂದರು. ಡಬ್ಬದಲ್ಲಿ ಏನಿದೆ ಎಂದು ಕೇಳಲಿಲ್ಲ. ಬಣ್ಣದ ಜೊತೆಗಿನದೇ ಯಾವುದೋ ಸಾಮಾನು ಎಂದುಕೊಂಡಿರಬೇಕು.

ಬಾಟ್ಲಿ ಮಾತ್ರ ದಿನವೂ ಗೂಡಿಗೆ ಬರುತ್ತಿತ್ತು. ಒಂದು ದಿನ ತಡೆಯಲಾರದೆ, "ಇನ್ ಬ್ಯಾಡಿ ಅಮ್ಮಾರೇ, ಸಾಕು" ಅಂದೆ.

"ಸಂಕೋಚ ಮಾಡ್ಕಬ್ಯಾಡ. ದಿನಾ ಏಣಿ ಮ್ಯಾಲೆ ನಿಂತ್ರೆ ಮೈಕೈ ನೋಯದಿಲ್ವ?" ಅಂದರು. ನನ್ನ ಅವ್ವ ಮಾತಾಡಿದ ಹಾಗಿತ್ತು ಆ ದನಿ. ಆ ಸಂಜೆಯೂ ಗೂಡಿನಿಂದ ಚೀಲ ತೆಗೆದುಕೊಂಡೆ.

ಅಲ್ಲೇ ಬಿಟ್ಟು ಬರೋಣವೆಂದರೆ ಜಗಲಿ ಗುಡಿಸುವಾಗ ಅವರಿಗೇ ಸಿಗುತ್ತದೆ. ಚರಂಡಿಗೆ ಸುರಿದರೆ ವಾಸನೆ ಇಡೀ ಬೀದಿಗೆ. ಹಾಗಾಗಿ ಒಂದು ಖಾಲಿ ಪ್ರೈಮರ್ ಡಬ್ಬಕ್ಕೆ ಬಾಟ್ಲಿಗಳನ್ನು ಹಾಕಿ, ಮುಚ್ಚಳ ಬಡಿದು, ಬ್ರಷ್ಷಿನ ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಮನೆಗೆ ತರುತ್ತಿದ್ದೆ. ಬೆಳಿಗ್ಗೆ ಮತ್ತೆ ಅದೇ ಚೀಲ ಹೊತ್ತು ಹೊರಡುತ್ತಿದ್ದೆ. ಸಂಜೆ ಹೆಂಡತಿ ಮೂಸಿ, "ಇವತ್ತೇನೋ ಬ್ಯಾರೆ ವಾಸ್ನೆ" ಎಂದು ಒಂದು ದಿನ ಹುಬ್ಬು ಗಂಟಿಕ್ಕಿದಳು. ಅಗಸೆ ಎಣ್ಣೆ ಎಂದೆ. ಅಂಗಿಯ ತೋಳನ್ನು ಇನ್ನೊಮ್ಮೆ ಮೂಸಿ, ಹೌದೆಂದು ಒಪ್ಪಿಕೊಂಡಳು.

ಪ್ರೈಮರ್, ಪುಟ್ಟಿ, ಮತ್ತೆ ಉಜ್ಜುವುದು ಎಲ್ಲ ಸರಿಯಾಗಿಯೇ ಸಾಗಿತು. ಎನಾಮಲ್ ಹಚ್ಚುವ ಹೊತ್ತಿಗೆ ಹೊಸ ತೊಂದರೆ ಶುರುವಾಯಿತು. ಊರಿನ ಹೊರಗಿನ ಆಲೆಮನೆಯಲ್ಲಿ ಬೆಲ್ಲ ಮಾಡಲು ಒಲೆ ಹಚ್ಚಿದರು. ಕಬ್ಬಿನ ಸಿಪ್ಪೆ ಉರಿದ ಕರಿ ಗಾಳಿಯಲ್ಲಿ ಹಾರಿ ಬಂದು, ಹಸಿ ಬಣ್ಣದ ಮೇಲೆ ಕೂತು ಅಂಟಿಕೊಳ್ಳುತ್ತಿತ್ತು. ತಲೆಬಾಗಿಲಿನ ಒಂದು ರೆಕ್ಕೆ ಪೂರ್ತಿ ಹಾಳಾಯಿತು. ಅದನ್ನು ಒಣಗಲು ಬಿಟ್ಟು, ಉಜ್ಜಿ ತೆಗೆದು, ಮೊದಲಿನಿಂದ ಮಾಡಬೇಕಾಯಿತು. ಅಮ್ಮ ತಮ್ಮ ಹಳೆಯ ಸೀರೆಗಳನ್ನು ಕೊಟ್ಟರು. ಅವನ್ನು ನೀರಿನಲ್ಲಿ ಅದ್ದಿ, ಹಿಂಡಿ, ಜಗಲಿಯ ಸೂರಿಗೆ ಸುತ್ತಲೂ ಕಟ್ಟಿದೆ. ಕರಿಯೆಲ್ಲ ಸೀರೆಗೆ ಅಂಟಿ, ಬಾಗಿಲು ಉಳಿಯಿತು. ಆ ಒದ್ದೆ ಸೀರೆಗಳ ನಡುವೆ ನಿಂತು ಮೇಲಿನಿಂದ ಕೆಳಕ್ಕೆ ಒಂದೇ ಎಳೆತಕ್ಕೆ ಬ್ರಷ್ ಎಳೆಯುವಾಗ ನನಗೆ ನಿಜವಾಗಿಯೂ ಸಂತೋಷವಾಗಿತ್ತು. ಇನ್ನೊಂದು ಕೈ ಹಚ್ಚಿದರೆ ಕೆಲಸ ಮುಗಿಯುತ್ತಿತ್ತು. ಮರುದಿನ ಬಾಟ್ಲಿ ವಾಪಸ್ ಮಾಡಿ ನಗುವ ದಿನ.

ಆ ಸಂಜೆ ಮನೆಗೆ ಬಂದು, ಮೂಸಿಸಿಕೊಂಡು, ಸ್ನಾನಕ್ಕೆ ಹೋದೆ. ಬಂದು ನೋಡಿದರೆ ಹೆಂಡತಿ ಅಂಗಳದಲ್ಲಿ ಕೂತಿದ್ದಳು. ಒಂದು ಪಕ್ಕದಲ್ಲಿ ಮಣ್ಣು, ಇನ್ನೊಂದು ಪಕ್ಕದಲ್ಲಿ ಬೇರು ಸಹಿತ ಕಿತ್ತಿಟ್ಟ ಕನಕಾಂಬರದ ಸಸಿ, ಮುಂದೆ ಮುಚ್ಚಳ ಎಬ್ಬಿಸಿದ ಪ್ರೈಮರ್ ಡಬ್ಬ. ಗಿಡ ಹಾಕಲು ಹೊಸ ಡಬ್ಬ ಬಂತೆಂದು ತೆಗೆದಿದ್ದಾಳೆ. ಬಾಟ್ಲಿಗಳನ್ನು ಒಂದೊಂದಾಗಿ ನೆಲದ ಮೇಲೆ ನಿಲ್ಲಿಸಿದ್ದಳು.

"ಏನಿದು?"

ನಾನು ಹೇಳಿದೆ. ಬಾಗಿಲಿಗೆ ಎಣ್ಣೆ ಕೇಳಿದ್ದು, ಅವರು ಇದು ಅಂದುಕೊಂಡದ್ದು, ಗೂಡು, ಕಡ್ಲೆಬೀಜ, ಕೈ ತೊಳೆದದ್ದು ಎಲ್ಲವನ್ನೂ ಹೇಳಿದೆ. ಹೇಳುತ್ತಾ ಹೋದಂತೆ ಅದು ನನ್ನ ಕಿವಿಗೇ ಕುಡುಕನ ಕಥೆಯ ಹಾಗೆ ಕೇಳತೊಡಗಿತು. ಹಿಂದೆ ನಾನು ಅವಳಿಗೆ ಹೇಳಿದ್ದ ಸುಳ್ಳುಗಳೆಲ್ಲ ಇದಕ್ಕಿಂತ ನಂಬುವ ಹಾಗಿದ್ದವು.

"ನೋಡು, ಒಂದ್ರದ್ದೂ ಮುಚ್ಚಳ ತೆಗ್ದಿಲ್ಲ" ಅಂದೆ.

"ಇವು ತೆಗ್ದಿಲ್ಲ ಸರಿ" ಅಂದಳು. "ತೆಗೆದವು ಎಷ್ಟು?"

ಕುಡಿಯದೆ ಇರುವ ಬಾಟ್ಲಿಯನ್ನು ತೋರಿಸಬಹುದು, ಇಲ್ಲದ ಬಾಟ್ಲಿಯನ್ನು ಎಲ್ಲಿಂದ ತೋರಿಸುವುದು? "ನನ್ ಮಾತು ಬ್ಯಾಡ. ನಾಳೆ ನೀನೇ ಬಾ, ಆ ಅಮ್ಮನ್ನೇ ಕೇಳು" ಅಂದೆ. ಕೇಳಿದರೆ ಮುಗಿಯಿತು, ನಾಳೆ ಮೂರು ಜನವೂ ಕೂತು ನಗುತ್ತೇವೆ ಎಂಬ ಧೈರ್ಯ ನನಗಿತ್ತು.

ಬೆಳಿಗ್ಗೆ ಇಬ್ಬರೂ ಬಸ್ಸು ಹತ್ತಿದೆವು. ಡಬ್ಬ ಅವಳ ಮಡಿಲಲ್ಲಿತ್ತು. ಕೊಳ್ಳೇಗಾಲದಲ್ಲಿ ಬಸ್ಸು ಬದಲಿಸುವಾಗಲೂ ನನ್ನ ಕೈಗೆ ಕೊಡಲಿಲ್ಲ.

ಅಮ್ಮ ಜಗಲಿಯಲ್ಲೇ ಇದ್ದರು. ಡ್ರೈವರ್ ಟ್ರ್ಯಾಕ್ಟರಿಗೆ ನೀರು ಹಾಕುತ್ತಿದ್ದ. ನನ್ನ ಹೆಂಡತಿಯನ್ನು ಕಂಡು ಅಮ್ಮ, "ಮೇಸ್ತ್ರಿ ಮನೆಯವ್ರಾ? ಬಾ ಕಣವ್ವ, ಕೂತ್ಕೊ" ಎಂದು ಚಾಪೆ ಹಾಸಿದರು. ಅವಳು ಕೂರಲಿಲ್ಲ. ಚೀಲದಿಂದ ಡಬ್ಬ ತೆಗೆದು ಮುಚ್ಚಳ ಎತ್ತಿ ತೋರಿಸಿದಳು.

"ಅಮ್ಮಾರೇ, ತಪ್ಪು ತಿಳ್ಕಬ್ಯಾಡಿ. ಈ ಬಾಟ್ಲಿಗಳ್ನ ನೀವೇ ಕೊಟ್ರಿ ಅಂತ ನಮ್ಮನೆಯವ್ರು ಏಳ್ತಾವ್ರೆ. ಔದಾ?"

ಅಮ್ಮ ಡಬ್ಬದೊಳಗೆ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಆ ನೋಟ ನನಗೆ ಚೆನ್ನಾಗಿ ನೆನಪಿದೆ. ಅದರಲ್ಲಿ ಕನಿಕರ ಇತ್ತು. ಸಿಕ್ಕಿಹಾಕಿಕೊಂಡವನನ್ನು ಬಿಡಿಸುವ ಆತುರ ಇತ್ತು.

"ಇಲ್ವಲ್ಲವ್ವ" ಅಂದರು. "ನಾವು ಲಿಂಗ ಕಟ್ಟಿದೋರು, ನಮ್ಮನೆಗೆ ಅಂಥದ್ದೆಲ್ಲ ಯಾಕ್ ಬಂದದು? ನಿನ್ ಗಂಡ ಒಳ್ಳೇ ಮನ್ಸ ಕಣವ್ವ. ಇಲ್ಲಿ ಒಂದಿನಾನೂ ಕುಡ್ದದ್ದ ನಾ ಕಂಡಿಲ್ಲ. ಈ ಬಾಟ್ಲಿ ಯಾರ್ದೋ ಏನೋ, ಬೈಬ್ಯಾಡ ಅವ್ನ."

ನಾನು ಬಾಯಿ ತೆರೆದೆ. ನೀವೇ ಅಲ್ಲವೇ ಅಮ್ಮಾ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವರದೇ ಹೊಸಲಿನ ಮುಂದೆ, ಅವರದೇ ಆಳಿನೆದುರು, ಅವರನ್ನು ಸುಳ್ಳುಗಾತಿ ಎನ್ನುವುದು ಹೇಗೆ? ಡ್ರೈವರಿನ ಕಡೆ ನೋಡಿದೆ. ಅವನು ರೇಡಿಯೇಟರಿನೊಳಗೆ ತಲೆ ಹಾಕಿಕೊಂಡು ಎತ್ತಲೇ ಇಲ್ಲ. ನನ್ನ ಹೆಂಡತಿ ಡಬ್ಬದ ಮುಚ್ಚಳ ಮುಚ್ಚಿದಳು. ಅಮ್ಮ ಕೊಟ್ಟ ಕಾಫಿ ಕುಡಿದಳು, ಬಾಗಿಲು ಚೆನ್ನಾಗಿ ಬಂದಿದೆ ಅಂದಳು, ಡಬ್ಬವನ್ನು ನನ್ನ ಕಾಲ ಬಳಿ ಇಟ್ಟು ಬಸ್ಸಿಗೆ ಹೊರಟುಹೋದಳು.

ಅವಳು ಬೀದಿ ತಿರುಗಿದ ಮೇಲೆ ಅಮ್ಮ ಹತ್ತಿರ ಬಂದರು. "ಎದುರ್ಕಬ್ಯಾಡ, ನಾ ಏಳ್ನಿಲ್ಲ" ಎಂದು ಮೆಲ್ಲಗೆ ಅಂದರು. "ಆದ್ರೆ ಇನ್ಮ್ಯಾಕೆ ಬುಟ್ಬುಡಪ್ಪ. ಅಂಥ ಎಂಡ್ರು ಸಿಕ್ಕವ್ರೆ."

ಆಗ ಹೇಳಿದೆ. ಇಷ್ಟು ದಿನ ನುಂಗಿಕೊಂಡಿದ್ದ ಮಾತು. "ಅಮ್ಮಾರೇ, ನಾ ಕೇಳಿದ್ದು ಅಗಸೆ ಎಣ್ಣೆ. ಕುಡ್ಕಳದು ಮರ, ನಾನಲ್ಲ."

ಅವರು ನನ್ನನ್ನೂ ಕಂಬವನ್ನೂ ನೋಡಿದರು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಲ್ಲೇ ಚಾಪೆಯ ಮೇಲೆ ಕೂತುಬಿಟ್ಟರು. "ಮೊದ್ಲೇ ಏಳ್ಬಾರ್ದಿತ್ತಾಪ್ಪ" ಎಂದಷ್ಟೇ ಅಂದರು. ನಾನೂ ಅದನ್ನೇ ಯೋಚಿಸುತ್ತಿದ್ದೆ. ಅವರೇ ನನ್ನ ಫೋನಿನಿಂದ ಹೆಂಡತಿಯ ಹತ್ತಿರ ಮಾತಾಡುತ್ತೇನೆಂದು ಹಟ ಹಿಡಿದರು. ನಡೆದದ್ದನ್ನೆಲ್ಲ ಬಿಡಿಸಿ ಹೇಳಿ, ತಪ್ಪೆಲ್ಲ ತಮ್ಮದೇ ಎಂದರು. ಆ ಕಡೆಯಿಂದ ಅವಳು, "ಆಯ್ತು ಕಣಮ್ಮಾರೇ, ಗೊತ್ತಾಯ್ತು ಬುಡಿ" ಅಂದದ್ದು ನನಗೂ ಕೇಳಿಸಿತು. ಇಬ್ಬರೂ ಉಸಿರು ಬಿಟ್ಟೆವು. ಬಾಟ್ಲಿಗಳನ್ನು ಡ್ರೈವರ್ ತೆಗೆದುಕೊಂಡು ಹೋದ. ನಾನು ಒದ್ದೆ ಸೀರೆ ಕಟ್ಟಿ ಕೊನೆಯ ಕೈ ಹಚ್ಚಿದೆ. ನನ್ನ ಕೈಯಿಂದ ಅಷ್ಟು ಚೆಂದದ ಬಾಗಿಲು ಅದಕ್ಕೆ ಮೊದಲು ಬಂದಿರಲಿಲ್ಲ.

ಸಂಜೆ ಮನೆಗೆ ಬಂದಾಗ ಹೆಂಡತಿ ರಾಗಿ ಬೀಸಿಸಿಕೊಂಡು ಬಂದು ಹಿಟ್ಟು ಜರಡಿ ಹಿಡಿಯುತ್ತಿದ್ದಳು. ತಲೆ ಎತ್ತದೆ ಹೇಳಿದಳು.

"ಪಾಪ, ಆ ಅಮ್ಮನ್ ಕೈಲೂ ಸುಳ್ಳು ಏಳಿಸ್ಬುಟ್ಟಲ್ಲ."

"ಅವ್ರು ಸುಳ್ಳೇಳಿದ್ದು ಬೆಳಿಗ್ಗೆ" ಅಂದೆ. "ಫೋನಲ್ಲಿ ಏಳಿದ್ದು ನಿಜ."

"ಬೆಳಿಗ್ಗೆ ನನ್ ಮಖ ನೋಡ್ಕಂಡು ನಿಜ ಏಳುದ್ರು. ಫೋನಲ್ಲಿ ನಿನ್ ಮಖ ನೋಡ್ಕಂಡು ಏಳುದ್ರು."

ಅವಳು ಜಗಳ ಆಡಲಿಲ್ಲ, ಅಳಲಿಲ್ಲ. ತಾನೇನೋ ದೊಡ್ಡ ಮನಸ್ಸು ಮಾಡಿ ಕ್ಷಮಿಸಿದವಳ ಹಾಗೆ ಊಟ ಬಡಿಸಿದಳು. ಮಾಡದ ತಪ್ಪಿಗೆ ಸಿಕ್ಕ ಆ ಕ್ಷಮೆ ನನಗೆ ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಆಮೇಲೆಯೂ ಒಂದೆರಡು ಸಲ ಹೇಳಲು ಹೋದೆ. "ಬುಡು, ಆದದ್ದಾಯ್ತು" ಅಂದಳು. ಹೆಚ್ಚು ಹೇಳಿದಷ್ಟೂ ಹೆಚ್ಚು ಸುಳ್ಳಾಗುವ ಮಾತು ಅದು, ಅದಕ್ಕೇ ನಿಲ್ಲಿಸಿದೆ.

ಮಾಂಬಳ್ಳಿಯ ನಿಶ್ಚಿತಾರ್ಥ ಚೆನ್ನಾಗಿ ಆಯಿತಂತೆ, ಬಂದವರೆಲ್ಲ ಬಾಗಿಲು ಯಾರು ಮಾಡಿದ್ದೆಂದು ಕೇಳಿದರಂತೆ. ಆಮೇಲೆ ಯಳಂದೂರು ಕಡೆಯಿಂದ ನನಗೆ ಬಹಳ ಕೆಲಸ ಬಂತು. ಈಗ ಯಾರ ಮನೆಯಲ್ಲೂ ಬರೀ ಎಣ್ಣೆ ಎನ್ನುವುದಿಲ್ಲ. ಅಗಸೆ ಎಣ್ಣೆ, ಮರಕ್ಕೆ, ಎಂದು ಎರಡೆರಡು ಸಲ ಹೇಳುತ್ತೇನೆ. ಕೆಲವರು ನಗುತ್ತಾರೆ.

ಆ ಪ್ರೈಮರ್ ಡಬ್ಬವನ್ನು ನಾನೇ ತೊಳೆದು, ತಳಕ್ಕೆ ತೂತು ಹೊಡೆದು ಅವಳ ಸಾಲಿನಲ್ಲಿಟ್ಟೆ. ಅದರಲ್ಲೂ ಕನಕಾಂಬರ ಹಾಕಿದ್ದಾಳೆ, ಹೂವೂ ಬಿಟ್ಟಿದೆ. ಸಂಜೆ ಕೆಲಸದಿಂದ ಬಂದಾಗ ನಾನು ಈಗಲೂ ಬಾಗಿಲಲ್ಲಿ ಒಂದು ಗಳಿಗೆ ನಿಲ್ಲುತ್ತೇನೆ. ಅವಳು ಬಂದು ಕೈಯಿಂದ ಚೀಲ ಇಸಿದುಕೊಂಡು, ನನ್ನನ್ನು ಮೂಸದೆಯೇ ಒಳಗೆ ಹೋಗುತ್ತಾಳೆ.